ಯಜ್ದ್: ಮರಳುಗಾಡಿನ ನಡುವಣ ಆರಾಧನೆಯ ಪಟ್ಟಣ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಏನನ್ನಾದರೂ ಬರೆಯತಕ್ಕದ್ದೆಂಬುದು ಇಲ್ಲಿನ ವಾಡಿಕೆ. ಏನು ಬರೆಯಲೆಂದು ಯೋಚಿಸುತ್ತಿದ್ದಾಗ, ಭೂಗೋಳದ ಪಾಠದಲ್ಲಿ ಒಬ್ಬ ಹುಡುಗಿಯು ನನ್ನನ್ನು ಕೇಳಿದ ಪ್ರಶ್ನೆಯು ನೆನಪಿಗೆ ಬಂದಿತು. ಇರಾನ್ ದೇಶದ ಪಟವನ್ನು ಗೋಡೆಗೆ ತೂಗಹಾಕಿ, ಅದರ ನಡುವಣ ಮರಳುಗಾಡುಗಳನ್ನು ಕೋಲಿನಿಂದ ತೋರಿಸುತ್ತಿದ್ದೆನು. ಆ ಬರಡು ನೆಲದ ಮಧ್ಯದಲ್ಲಿ ಒಂದು ಪಟ್ಟಣದ ಗುರುತನ್ನು ಕಂಡು ಅವಳು ಎದ್ದು ನಿಂತು, “ನೀರೇ ಇಲ್ಲದ ಕಡೆಯಲ್ಲಿ ಜನರು ಊರನ್ನು ಏಕೆ ಕಟ್ಟಿದರಮ್ಮಾ?” ಎಂದು ಕೇಳಿದಳು. ಗಂಟೆ ಬಾರಿಸಿದ್ದರಿಂದ ಆ ದಿನ ಸರಿಯಾದ ಉತ್ತರ ಕೊಡಲಾಗಲಿಲ್ಲ. ಆ ಉತ್ತರವನ್ನೇ ಈ ಪುಟಗಳಲ್ಲಿ ಬರೆಯುತ್ತೇನೆ. ಅವಳು ಕೋಲಿನ ತುದಿಯಲ್ಲಿ ಕಂಡ ಪಟ್ಟಣದ ಹೆಸರು ಯಜ್ದ್.

ಪಾರಸಿಕ ದೇಶದ ಹೆಸರು ನಮ್ಮ ಮಕ್ಕಳಿಗೆ ಹೊಸದಲ್ಲ. ವೇದಪಾಠದಲ್ಲಿ ಕೋರೆಷ ರಾಜನನ್ನೂ ಎಸ್ತೇರ್ ರಾಣಿಯನ್ನೂ ಕುರಿತು ಓದಿದವರೆಲ್ಲರೂ ಆ ದೇಶವನ್ನು ಬಲ್ಲರು. 1935ನೆಯ ಇಸವಿಯಿಂದ ಹೊರದೇಶದವರೂ ಅದನ್ನು ಇರಾನ್ ಎಂದೇ ಕರೆಯತಕ್ಕದ್ದೆಂದು ಅಲ್ಲಿನ ಸರ್ಕಾರವು ಕೇಳಿಕೊಂಡಿತು. ಆ ದೇಶದ ನಡುವೆ ದಷ್ತೆ ಕವೀರ್ ಎಂಬ ಉಪ್ಪಿನ ಮರುಭೂಮಿಯೂ, ದಷ್ತೆ ಲೂತ್ ಎಂಬ ಮರಳಿನ ಮರುಭೂಮಿಯೂ ಇರುತ್ತವೆ. ಇವೆರಡರ ಸಮೀಪದಲ್ಲಿ, ಇಸ್ಫಹಾನ್ ನಗರದಿಂದ ಆಗ್ನೇಯಕ್ಕೆ ಸುಮಾರು 170 ಮೈಲಿ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 4000 ಅಡಿ ಎತ್ತರದಲ್ಲಿ ಯಜ್ದ್ ಪಟ್ಟಣವುಂಟು. ವರ್ಷಕ್ಕೆ ಎರಡು ಮೂರು ಅಂಗುಲಗಳಷ್ಟು ಮಳೆಯೂ ಅಲ್ಲಿ ಸರಿಯಾಗಿ ಬೀಳುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಆಷಾಢದ ಒಂದೇ ದಿನ ಅಷ್ಟು ಮಳೆ ಸುರಿದರೂ ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ಪಟ್ಟಣದ ನೈಋತ್ಯಕ್ಕೆ ಷೀರ್ ಕೂಹ್ ಎಂಬ ಪರ್ವತವು 13,000 ಅಡಿಗೂ ಮೀರಿ ನಿಂತಿದೆ. ಚಳಿಗಾಲದಲ್ಲಿ ಅದರ ಮೇಲೆ ಹಿಮ ಬೀಳುತ್ತದೆ. ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರವು ಆ ಪರ್ವತದಲ್ಲಿಯೇ ಅಡಗಿದೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಹೆಸರಿನ ವಿಚಾರ. ಪಾರಸಿಕರ ಪ್ರಾಚೀನ ಧರ್ಮಗ್ರಂಥವಾದ ಅವೆಸ್ತದಲ್ಲಿ ‘ಯಜತ’ ಎಂಬ ಶಬ್ದವುಂಟು. ಪೂಜೆಗೆ ಯೋಗ್ಯನು, ಆರಾಧಿಸತಕ್ಕವನು ಎಂದು ಅದರ ಅರ್ಥ. ಕಾಲಕ್ರಮದಲ್ಲಿ ಈ ಶಬ್ದವು ಸವೆದು ‘ಯಜ್ದ್’ ಎಂದೂ, ದೇವರನ್ನು ಸೂಚಿಸುವ ‘ಯಜ್ದಾನ್’ ಎಂದೂ ಆಯಿತು. ಇದರ ಧಾತುವು ‘ಯಜ್’. ಸಂಸ್ಕೃತದಲ್ಲಿಯೂ ಇದೇ ಧಾತುವು ಇದೇ ಅರ್ಥದಲ್ಲಿದೆ. ವೇದಗಳಲ್ಲಿ ‘ಯಜತ’ ಎಂಬ ಶಬ್ದವೇ ಬರುತ್ತದೆ. ಯಜ್ಞ, ಯಜನ ಎಂಬ ಮಾತುಗಳು ಹುಟ್ಟಿದ್ದೂ ಇದರಿಂದಲೇ. ಇಷ್ಟೇಕೆ, ನಾವು ದಿನವೂ ಆಡುವ ‘ಯಜಮಾನ’ ಎಂಬ ಮಾತು ಕೂಡ ಅದೇ ಬೇರಿನ ಚಿಗುರು. ಯಜ್ಞವನ್ನು ಮಾಡಿಸುವವನಿಗೆ ಮೊದಲು ಸಲ್ಲುತ್ತಿದ್ದ ಹೆಸರು, ನಮ್ಮ ಕನ್ನಡದಲ್ಲಿ ಮನೆಯ ಹಿರಿಯನಿಗೆ ಸಂದಿತು. ಅವನ ಮಡದಿಯು ಯಜಮಾನಿಯಾದಳು. ಸಾವಿರಾರು ವರ್ಷಗಳ ಹಿಂದೆ ಪಾರಸಿಕರ ಪೂರ್ವಿಕರೂ ವೇದಕಾಲದ ಜನರ ಪೂರ್ವಿಕರೂ ಒಂದೇ ನುಡಿಯನ್ನಾಡುತ್ತಿದ್ದರೆಂಬುದಕ್ಕೆ ಇಂಥ ಶಬ್ದಗಳೇ ಸಾಕ್ಷಿ. ಆ ದೂರದ ಮರಳುಗಾಡಿನ ಪಟ್ಟಣದ ಹೆಸರಿಗೂ ನಮ್ಮ ಮನೆಯೊಳಗಿನ ಮಾತಿಗೂ ಹೀಗೊಂದು ನಂಟುಂಟು.

ಪಟ್ಟಣವನ್ನು ಸಾಸಾನ್ ವಂಶದ ಯಜ್ದಗಿರ್ದ್ ಎಂಬ ಅರಸನು ಕಟ್ಟಿಸಿದನೆಂದೂ, ಅವನ ಹೆಸರೇ ಊರಿಗೆ ಬಂದಿತೆಂದೂ ಒಂದು ಪರಂಪರೆಯ ಮಾತುಂಟು. ಆ ಹೆಸರಿನ ಮೊದಲನೆಯ ಅರಸನು ಕ್ರಿ.ಶ. 399ರಿಂದ 420ರ ವರೆಗೆ ಆಳಿದನು. ಆ ರಾಜನ ಹೆಸರಿನಲ್ಲಿಯೂ ಇರುವುದು ಅದೇ ‘ಯಜ್ದ್’ ಶಬ್ದವಾದ್ದರಿಂದ, ಯಾವ ದಾರಿಯಿಂದ ಬಂದರೂ ಅರ್ಥವು ಒಂದೇ ಕಡೆಗೆ ಸೇರುತ್ತದೆ. ಹತ್ತನೆಯ ಶತಮಾನದ ಅರಬ್ಬಿ ಭೂಗೋಳಕಾರರು ಯಜ್ದ್ ಎಂಬುದನ್ನು ಸೀಮೆಯ ಹೆಸರಾಗಿಯೂ, ಕಥಾ ಎಂಬುದನ್ನು ಪಟ್ಟಣದ ಹೆಸರಾಗಿಯೂ ಬರೆದಿದ್ದಾರೆ. ತರುವಾಯ ಸೀಮೆಯ ಹೆಸರೇ ಪಟ್ಟಣಕ್ಕೆ ನಿಂತಿತು. ಮುಸಲ್ಮಾನರ ಕಾಲದಲ್ಲಿ ಆ ಊರಿಗೆ ‘ದಾರುಲ್ ಇಬಾದಾ’ ಎಂಬ ಬಿರುದು ಬಂದಿತು. ಅದರರ್ಥ ‘ಆರಾಧನೆಯ ಮನೆ’. ಮತವು ಬದಲಾಯಿತು, ಭಾಷೆಯೂ ಬದಲಾಯಿತು. ಹೆಸರಿನ ಅರ್ಥವು ಮಾತ್ರ ಹಾಗೆಯೇ ಉಳಿಯಿತು.

ಇನ್ನು ನೀರಿನ ವಿಚಾರ. ಪರ್ವತದ ಹಿಮವು ಕರಗಿ ಬುಡದ ಕಲ್ಲುಮಣ್ಣುಗಳಲ್ಲಿ ಇಂಗಿ ಭೂಮಿಯೊಳಗೆ ನಿಲ್ಲುತ್ತದೆ. ಅದನ್ನು ಬಯಲಿನಲ್ಲಿರುವ ಊರಿಗೆ ತರುವುದು ಹೇಗೆ? ನೆಲದ ಮೇಲೆ ಕಾಲುವೆ ತೆಗೆದರೆ ಬಿಸಿಲಿಗೆ ಆರಿಹೋಗುತ್ತದೆ. ಆದ್ದರಿಂದ ಪಾರಸಿಕರು ನೆಲದೊಳಗಿನಿಂದಲೇ ಕಾಲುವೆಯನ್ನು ತಂದರು. ಇದಕ್ಕೆ ಕನಾತ್ ಎಂದೂ ಕಾರೇಜ್ ಎಂದೂ ಹೆಸರು. ಮೊದಲು ಬೆಟ್ಟದ ತಪ್ಪಲಿನಲ್ಲಿ ನೀರು ಸಿಕ್ಕುವ ತನಕ ಆಳವಾದ ಬಾವಿಯನ್ನು ತೋಡುವರು. ಇದನ್ನು ಅವರು ‘ತಾಯಿಬಾವಿ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಅಲ್ಲಿಂದ ಊರಿನ ಕಡೆಗೆ ಒಬ್ಬ ಮನುಷ್ಯನು ಬಗ್ಗಿ ನಡೆಯುವಷ್ಟು ಸುರಂಗವನ್ನು ಕೊರೆಯುವರು. ಸುರಂಗದ ಇಳಿಜಾರು ಅತಿ ಸ್ವಲ್ಪವಾಗಿರಬೇಕು. ಹೆಚ್ಚಾದರೆ ನೀರು ರಭಸದಿಂದ ಹರಿದು ಗೋಡೆಗಳನ್ನು ಕೊಚ್ಚುತ್ತದೆ. ಕಡಮೆಯಾದರೆ ಹೂಳು ತುಂಬಿ ನಿಲ್ಲುತ್ತದೆ. ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಗಳನ್ನು ಇಳಿಸುವರು. ಅವುಗಳ ಮೂಲಕ ಅಗೆದ ಮಣ್ಣನ್ನು ಮೇಲಕ್ಕೆ ಸೇದುವರು. ಒಳಗಿರುವವರಿಗೆ ಉಸಿರಾಡಲು ಗಾಳಿಯೂ ಅವುಗಳಿಂದಲೇ. ಎತ್ತರದಿಂದ ನೋಡಿದರೆ ಇರುವೆಗಳು ಸಾಲಾಗಿ ಗೂಡು ಮಾಡಿದಂತೆ ಈ ಬಾವಿಗಳ ಮಣ್ಣುದಿಬ್ಬಗಳು ಕಾಣುವುವು. ಯಜ್ದಿನ ಜಾರ್ಚ್ ಎಂಬ ಕನಾತಿನ ಉದ್ದವು 40 ಮೈಲಿಗೂ ಮೀರಿದ್ದು. ದಿಕ್ಸೂಚಿ ಯಂತ್ರಗಳ ಸಹಾಯವಿಲ್ಲದೆ, ಎಣ್ಣೆಯ ದೀಪದ ಬೆಳಕಿನಲ್ಲಿ, ಮನುಷ್ಯರು ತಮ್ಮ ಕೈಗಳಿಂದ ಇಂಥ ಕೆಲಸವನ್ನು ಮಾಡಿದರು.

ಈ ಕೆಲಸಗಾರರನ್ನು ಮುಕನ್ನಿಗಳೆಂದು ಕರೆಯುತ್ತಾರೆ. ಯಜ್ದಿನ ಮುಕನ್ನಿಗಳು ಇರಾನಿನಲ್ಲೆಲ್ಲ ಹೆಸರುವಾಸಿಯಾದವರು. ಅವರು ಬಿಳಿಯ ಬಟ್ಟೆಯನ್ನು ತೊಟ್ಟು ಇಳಿಯುತ್ತಿದ್ದರು. ಕತ್ತಲಲ್ಲಿ ಕಾಣಲೆಂದು ಕೆಲವರೂ, ಮೇಲಿನ ಮಣ್ಣು ಕುಸಿದರೆ ಅದೇ ಹೆಣದ ಬಟ್ಟೆಯಾಗಲೆಂದು ಕೆಲವರೂ ಇದಕ್ಕೆ ಕಾರಣ ಹೇಳುತ್ತಾರೆ. ಊರಿನವರು ಕುಡಿಯುವ ಒಂದೊಂದು ಗುಟುಕು ನೀರಿನ ಹಿಂದೆಯೂ ಇಂಥವರ ಪ್ರಾಣಭಯವಿತ್ತೆಂಬುದನ್ನು ನಮ್ಮ ಮಕ್ಕಳು ನೆನಪಿನಲ್ಲಿಡಬೇಕು.

ಹೀಗೆ ಬಂದ ನೀರನ್ನು ಹಂಚುವುದಕ್ಕೂ ಒಂದು ಕ್ರಮವಿತ್ತು. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ದೊಡ್ಡ ನೀರಿನ ಪಾತ್ರೆಯಲ್ಲಿ ತೇಲಿಬಿಡುತ್ತಿದ್ದರು. ಬಟ್ಟಲು ತುಂಬಿ ಮುಳುಗುವಷ್ಟು ಹೊತ್ತು ಒಂದು ಪಾಲು. ಇಷ್ಟು ಬಟ್ಟಲು ನೀರು ಈ ತೋಟಕ್ಕೆ, ಇಷ್ಟು ಆ ತೋಟಕ್ಕೆ ಎಂದು ಲೆಕ್ಕವಿಡುತ್ತಿದ್ದರು. ಇದನ್ನು ಓದುವ ಅಜ್ಜಿಯರಿಗೆ ನಮ್ಮ ಗಳಿಗೆಬಟ್ಟಲಿನ ನೆನಪು ಬಾರದಿರದು. ಮುಹೂರ್ತದ ವೇಳೆಯನ್ನು ತಿಳಿಯುವುದಕ್ಕೆ ನಮ್ಮ ಹಿರಿಯರು ಇಟ್ಟುಕೊಂಡಿದ್ದ ಉಪಾಯವನ್ನೇ ಅಲ್ಲಿನವರು ನೀರಿನ ನ್ಯಾಯಕ್ಕೆ ಬಳಸಿದರು.

ಕನ್ನಡನಾಡಿಗೂ ಕನಾತು ಬಂದಿದೆ. ಬಹಮನೀ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿನಲ್ಲಿ ಹದಿನೈದನೆಯ ಶತಮಾನದಲ್ಲಿ ಇರಾನಿನಿಂದ ಅನೇಕ ವಿದ್ವಾಂಸರೂ ಕುಶಲಿಗಳೂ ಬಂದು ನೆಲೆಸಿದರು. ಅವರ ಕಾಲದ ಕಾರೇಜುಗಳು ಬೀದರಿನ ನೆಲದೊಳಗೆ ಇನ್ನೂ ಇವೆ. ಊರಿನವರು ಇವನ್ನು ಸುರಂಗಬಾವಿ ಎನ್ನುತ್ತಾರೆ. ಬಹುಕಾಲ ಹೂಳು ತುಂಬಿ ಮರೆತುಹೋಗಿದ್ದ ನೌಬಾದಿನ ಕಾರೇಜನ್ನು ಇತ್ತೀಚಿನ ವರ್ಷಗಳಲ್ಲಿ ಶುದ್ಧಿಮಾಡಿಸಿದ್ದಾರೆ. ಆ ಕಡೆಗೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿನಿಯರು ಮದರಸೆಯನ್ನೂ ಕೋಟೆಯನ್ನೂ ನೋಡಿದ ಬಳಿಕ ಇದನ್ನೂ ನೋಡಿ ಬರಬೇಕು.

ನೀರಾಯಿತು, ಇನ್ನು ಬೇಸಗೆಯ ಉರಿ. ಯಜ್ದಿನ ಹಳೆಯ ಮನೆಗಳೆಲ್ಲ ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯವು. ಮಣ್ಣಿಗೆ ಹುಲ್ಲನ್ನು ಬೆರಸಿ ಗಿಲಾವು ಮಾಡುತ್ತಾರೆ. ದಪ್ಪನಾದ ಮಣ್ಣಿನ ಗೋಡೆಯು ಹಗಲಿನ ಸೆಕೆಯನ್ನು ಬೇಗನೆ ಒಳಗೆ ಬಿಡುವುದಿಲ್ಲ. ಓಣಿಗಳು ಇಕ್ಕಟ್ಟಾಗಿದ್ದು ಅಲ್ಲಲ್ಲಿ ಮೇಲ್ಗಡೆ ಕಮಾನು ಮುಚ್ಚಿರುವುದರಿಂದ ದಾರಿಹೋಕರಿಗೆ ನೆರಳುಂಟು. ಮನೆಗಳ ಮೇಲೆ ಚೌಕವಾದ, ಎತ್ತರವಾದ ಗೋಪುರಗಳು ಎದ್ದಿರುತ್ತವೆ. ಇವೇ ಬಾದ್ಗೀರ್, ಎಂದರೆ ಗಾಳಿಹಿಡುಕಗಳು. ಗೋಪುರದ ತಲೆಯಲ್ಲಿ ಉದ್ದನೆಯ ಕಂಡಿಗಳಿವೆ. ಒಳಗೆ ನಿಲುವಾದ ಗೋಡೆಗಳಿಂದ ಕೊಳವೆಗಳಂತೆ ಭಾಗಗಳಾಗಿವೆ. ಮೇಲೆ ಬೀಸುವ ಗಾಳಿಯು ಒಂದು ಕಡೆಯ ಕೊಳವೆಯಿಂದ ಕೆಳಗಿಳಿದು ಕೋಣೆಯನ್ನು ಸೇರುತ್ತದೆ. ಕೋಣೆಯ ಬಿಸಿಗಾಳಿಯು ಇನ್ನೊಂದು ಕಡೆಯಿಂದ ಮೇಲೇರಿ ಹೊರಬೀಳುತ್ತದೆ. ಕೆಳಗೆ ನೀರಿನ ಕೊಳವಿದ್ದರೆ ಗಾಳಿಯು ಇನ್ನೂ ತಂಪಾಗುತ್ತದೆ. ಗಾಳಿಯಿಲ್ಲದ ದಿನವೂ ಗೋಪುರವು ಬಿಸಿಲಿಗೆ ಕಾದು ಒಳಗಿನ ಗಾಳಿಯನ್ನು ಮೇಲಕ್ಕೆಳೆಯುತ್ತದೆ. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಯಜ್ದಿನ ಅಧಿಪತಿಯು ಮಾಡಿಸಿದ ದೌಲತಾಬಾದ್ ಎಂಬ ಉದ್ಯಾನದಲ್ಲಿ ಎಂಟು ಮೂಲೆಯ ಬಾದ್ಗೀರ್ ಒಂದುಂಟು. ಅದರ ಎತ್ತರವು 100 ಅಡಿಗೂ ಹೆಚ್ಚು. ಊರಿನ ನೀರಿನ ತೊಟ್ಟಿಗಳ ಮೇಲೆಯೂ ಇಂಥ ಗೋಪುರಗಳನ್ನು ಕಟ್ಟಿ, ಕುಡಿಯುವ ನೀರನ್ನು ತಣ್ಣಗಿಡುತ್ತಿದ್ದರು. ಮನೆಗಳ ಬಾಗಿಲಿಗೆ ಎರಡು ಬಗೆಯ ಬಡಿಗೊಂಡಿಗಳಿರುತ್ತಿದ್ದವು. ಬಂದವರು ಗಂಡಸರಾದರೆ ಭಾರವಾದುದನ್ನೂ, ಹೆಂಗಸರಾದರೆ ಹಗುರವಾದುದನ್ನೂ ಬಡಿಯುವರು. ಸದ್ದಿನಿಂದಲೇ ಒಳಗಿರುವವರಿಗೆ ಯಾರು ಬಾಗಿಲು ತೆರೆಯಬೇಕೆಂಬುದು ತಿಳಿಯುತ್ತಿತ್ತು.

ಯಜ್ದ್ ಪಟ್ಟಣವು ನೇಯ್ಗೆಯಿಂದಲೂ ಪ್ರಸಿದ್ಧಿಗೆ ಬಂದಿತು. ಹದಿಮೂರನೆಯ ಶತಮಾನದಲ್ಲಿ ಮಂಗೋಲರು ಇರಾನಿನ ಅನೇಕ ನಗರಗಳನ್ನು ನೆಲಸಮ ಮಾಡಿದರು. ಯಜ್ದಿನ ಅಧಿಪತಿಗಳು ಅವರಿಗೆ ತಲೆಬಾಗಿದ್ದರಿಂದ ಈ ಊರು ಉಳಿಯಿತು. 1272ನೆಯ ಇಸವಿಯ ಸುಮಾರಿನಲ್ಲಿ ಈ ದಾರಿಯಾಗಿ ಹೋದ ವೆನಿಸಿನ ಮಾರ್ಕೊ ಪೋಲೊ, ಊರಿನ ಹೆಸರನ್ನೇ ಪಡೆದಿದ್ದ ಅಲ್ಲಿನ ರೇಷ್ಮೆಯ ಬಟ್ಟೆಯನ್ನು ವಿಶೇಷವಾಗಿ ಹೇಳಿದ್ದಾನೆ. ಹದಿನಾಲ್ಕನೆಯ ಶತಮಾನದ ಕೆಲಸವಾದ ಜುಮಾ ಮಸೀದಿಯ ಮುಂಬಾಗಿಲಿನ ಮೇಲಣ ಎರಡು ಮಿನಾರುಗಳು ನೀಲಿಯ ಹೊಳಪಿನ ಹಂಚುಗಳಿಂದ ಕೂಡಿ ದೂರದಿಂದಲೇ ಪ್ರಯಾಣಿಕರಿಗೆ ಊರಿನ ಗುರುತನ್ನು ಹೇಳುತ್ತವೆ.

ಆದರೆ ಯಜ್ದಿನ ಪರಂಪರೆಯಲ್ಲಿ ಮಣ್ಣುಕಲ್ಲುಗಳಿಗಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದದ್ದು ಅಲ್ಲಿನ ಒಂದು ಸಣ್ಣ ಸಮೂಹದ ಚರಿತ್ರೆ. ಏಳನೆಯ ಶತಮಾನದಲ್ಲಿ ಅರಬರು ಇರಾನನ್ನು ಗೆದ್ದರು. ಸಾಸಾನರ ಕಡೆಯ ಅರಸನಾದ ಮೂರನೆಯ ಯಜ್ದಗಿರ್ದನು 651ರಲ್ಲಿ ಕೊಲೆಯಾದನು. ಶತಮಾನಗಳು ಕಳೆದಂತೆ ದೇಶದ ಜನರು ಬಹುಮಟ್ಟಿಗೆ ಇಸ್ಲಾಮಿಗೆ ಸೇರಿದರು. ಜರತುಷ್ಟ್ರನ ಧರ್ಮವನ್ನು ಬಿಡದ ಕೆಲವರು ಗುಜರಾತಿನ ಕರಾವಳಿಗೆ ಬಂದರು. ಇವರ ಸಂತತಿಯವರೇ ನಮ್ಮ ಪಾರ್ಸಿಗಳು. ಉಳಿದವರು ಯಜ್ದ್, ಕೆರ್ಮಾನ್ ಎಂಬ ಮರಳುಗಾಡಿನ ಊರುಗಳನ್ನೂ ಸುತ್ತಣ ಹಳ್ಳಿಗಳನ್ನೂ ಆಶ್ರಯಿಸಿದರು. ಯಜ್ದಿನ ಹತ್ತಿರ ಚಕ್ ಚಕ್ ಎಂಬ ಬೆಟ್ಟದ ಗುಡಿಯುಂಟು. ಅರಸನ ಮಗಳೊಬ್ಬಳು ಶತ್ರುಗಳಿಂದ ಓಡಿಬಂದು ಮೊರೆಯಿಡಲು ಬೆಟ್ಟವು ಬಾಯಿತೆರೆದು ಅವಳನ್ನು ಒಳಗೊಂಡಿತೆಂದು ಐತಿಹ್ಯ. ಅಲ್ಲಿ ಬಂಡೆಯಿಂದ ನೀರು ತೊಟ್ಟುತೊಟ್ಟಾಗಿ ಬೀಳುತ್ತದೆ. ಆ ಸದ್ದೇ ಊರಿನ ಹೆಸರಾಯಿತು. ನಮ್ಮ ಭೂಮಿತಾಯಿಯು ಸೀತೆಯನ್ನು ಒಳಗೊಂಡ ಕಥೆಯನ್ನು ಬಲ್ಲವರಿಗೆ ಈ ಕಥೆಯು ಹೊರಗಿನದೆಂದು ತೋರಲಾರದು.

1478ರಲ್ಲಿ ಗುಜರಾತಿನ ಪಾರ್ಸಿಗಳು ನರೀಮಾನ್ ಹೋಷಂಗ್ ಎಂಬವರನ್ನು ಯಜ್ದಿನ ಪುರೋಹಿತರ ಬಳಿಗೆ ಕಳುಹಿಸಿ, ತಮ್ಮ ಧರ್ಮಾಚಾರಗಳಲ್ಲಿದ್ದ ಸಂದೇಹಗಳನ್ನು ಕೇಳಿಸಿದರು. ಹೀಗೆ ಮೊದಲಾದ ಪತ್ರವ್ಯವಹಾರವು ಸುಮಾರು ಮುನ್ನೂರು ವರ್ಷ ನಡೆಯಿತು. ಬಡತನದಲ್ಲಿದ್ದರೂ ಯಜ್ದಿನವರು ಗುರುಸ್ಥಾನದಲ್ಲಿದ್ದರು. ಕ್ರಿ.ಶ. 470ರ ಸುಮಾರಿನಿಂದ ಆರದೆ ಬಂದಿದೆಯೆಂದು ಅವರು ನಂಬುವ ಪವಿತ್ರಾಗ್ನಿಯು ಈಗಲೂ ಯಜ್ದಿನ ಅಗ್ನಿಮಂದಿರದಲ್ಲಿ ಉರಿಯುತ್ತಿದೆ. ಈಗಿನ ಮಂದಿರವನ್ನು 1934ರಲ್ಲಿ ಮುಂಬಯಿಯ ಪಾರ್ಸಿಗಳ ಸಹಾಯದಿಂದ ಕಟ್ಟಿದರು.

ಈ ಜನರು ಪಟ್ಟ ಕಷ್ಟಗಳನ್ನು ಮುಚ್ಚಿಡುವುದು ಸರಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಯಜ್ದಿನಲ್ಲಿ ಐದು ವರ್ಷವಿದ್ದ ಮಿಶನರಿ ನೇಪಿಯರ್ ಮಾಲ್ಕಮ್ ಎಂಬವರು 1905ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವುಗಳನ್ನು ಬರೆದಿಟ್ಟಿದ್ದಾರೆ. ಜರತುಷ್ಟ್ರೀಯರು ಬಣ್ಣದ ಉಡುಪನ್ನು ತೊಡುವಂತಿರಲಿಲ್ಲ. ಕಂದು, ಬೂದಿ, ಹಳದಿ ಇಷ್ಟೇ ಅವರಿಗೆ. ಸವಾರಿ ಹೋಗುವಾಗ ಮುಸಲ್ಮಾನನು ಎದುರಾದರೆ ಇಳಿಯಬೇಕಾಗಿತ್ತು. 1895ರ ತನಕ ಕೊಡೆ ಹಿಡಿಯುವಂತಿರಲಿಲ್ಲ. ಮನೆಯ ಗೋಡೆಯು ನಿಂತವನ ಚಾಚಿದ ಕೈಗೆ ನಿಲುಕುವಷ್ಟೇ ಎತ್ತರವಿರಬೇಕಾಗಿತ್ತು. ಬಾದ್ಗೀರನ್ನು ಕಟ್ಟುವುದಕ್ಕೂ ಅವರಿಗೆ ಅಪ್ಪಣೆಯಿರಲಿಲ್ಲ. 1900ರ ಸುಮಾರಿನಲ್ಲಿ ಒಬ್ಬ ದೊಡ್ಡ ವರ್ತಕನು ಅಧಿಕಾರಿಗಳಿಗೆ ಬಹಳ ಕಾಣಿಕೆಗಳನ್ನೊಪ್ಪಿಸಿ ತನ್ನ ಮನೆಗೆ ಒಂದನ್ನು ಕಟ್ಟಿಸಿಕೊಂಡನು.

ವಾಚಕರೇ, ಇದನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆನು. ಗಾಳಿಯು ದೇವರು ಎಲ್ಲರಿಗೂ ಸಮನಾಗಿ ಕೊಟ್ಟದ್ದು. ಅದನ್ನು ಹಿಡಿದು ಮನೆಯೊಳಗೆ ತರುವ ಜಾಣತನವನ್ನು ಯಜ್ದಿನವರು ಕಲಿತರು. ಆ ಜಾಣತನದ ಫಲವನ್ನು ನೆರೆಯವನಿಗೆ ಕೊಡದಿರುವುದನ್ನೂ ಕಲಿತರು. ಇದು ಒಂದು ಮತದವರ ಮೇಲೆ ಹೊರಿಸತಕ್ಕ ದೋಷವೆಂದು ಯಾರೂ ಭಾವಿಸಬಾರದು. ನಮ್ಮ ಊರುಗಳಲ್ಲಿ ಯಾರು ಯಾವ ಬಾವಿಯ ನೀರನ್ನು ಸೇದಬಾರದು, ಯಾರು ಯಾವ ಬೀದಿಯಲ್ಲಿ ಚಪ್ಪಲಿ ಮೆಟ್ಟಬಾರದು ಎಂದು ನಾವೇ ಕಟ್ಟಳೆಗಳನ್ನು ಮಾಡಿದ್ದೆವು. ಅದನ್ನು ಅನುಭವಿಸಿದ ಮನೆಗಳಿಂದ ಬಂದ ಹುಡುಗಿಯರು ನಮ್ಮ ಶಾಲೆಯ ಬೆಂಚುಗಳ ಮೇಲೆ ಕುಳಿತು ಓದಿದ್ದಾರೆ.

ಯಜ್ದಿನವರ ಕಟ್ಟುಗಳು ಸಡಿಲವಾದದ್ದು ಹೇಗೆಂಬುದನ್ನೂ ಹೇಳುತ್ತೇನೆ. 1854ರಲ್ಲಿ ಮುಂಬಯಿಯ ಪಾರ್ಸಿಗಳು ಮಾಣೆಕ್‌ಜಿ ಲಿಮ್‌ಜಿ ಹಟಾರಿಯಾ ಎಂಬ ವರ್ತಕರನ್ನು ತಮ್ಮ ಪ್ರತಿನಿಧಿಯಾಗಿ ಇರಾನಿಗೆ ಕಳುಹಿಸಿದರು. ಅವರು ಯಜ್ದಿನಲ್ಲಿಯೂ ಕೆರ್ಮಾನಿನಲ್ಲಿಯೂ ಶಾಲೆಗಳನ್ನು ತೆರೆಸಿದರು. ಜರತುಷ್ಟ್ರೀಯರ ತಲೆಯ ಮೇಲಿದ್ದ ಜೆಜಿಯಾ ಕಂದಾಯವನ್ನು ತೆಗೆಸುವುದಕ್ಕಾಗಿ ವರ್ಷಗಟ್ಟಲೆ ಆಸ್ಥಾನದ ಬಾಗಿಲನ್ನು ತಟ್ಟಿದರು. ಕಡೆಗೆ 1882ರಲ್ಲಿ ನಾಸಿರುದ್ದೀನ್ ಷಾ ಆ ಕಂದಾಯವನ್ನು ರದ್ದುಮಾಡಿದನು. ಶಾಲೆಗಳಲ್ಲಿ ಓದಿದವರ ಮಕ್ಕಳು ವರ್ತಕರೂ ವೈದ್ಯರೂ ಉಪಾಧ್ಯಾಯರೂ ಆದರು. ಅನೇಕರು ಮುಂಬಯಿಗೆ ಬಂದು ಚಹದ ಅಂಗಡಿಗಳನ್ನಿಟ್ಟರು. ‘ಇರಾನಿ ಹೋಟೆಲು’ ಎಂದು ನಾವೆಲ್ಲರೂ ಬಲ್ಲ ಅಂಗಡಿಗಳಲ್ಲಿ ಬಹಳಷ್ಟು ಯಜ್ದಿನ ಕಡೆಯವರವು. ಬೆಂಗಳೂರಿನ ಕ್ವೀನ್ಸ್ ರಸ್ತೆಯಲ್ಲಿಯೂ 1926ರಲ್ಲಿ ಸ್ಥಾಪಿತವಾದ ಪಾರ್ಸಿಗಳ ಅಗ್ನಿಮಂದಿರವಿದೆ.

ಕನಾತುಗಳಿಗೆ 2016ರಲ್ಲಿಯೂ, ಯಜ್ದಿನ ಹಳೆಯ ಪಟ್ಟಣಕ್ಕೆ 2017ರಲ್ಲಿಯೂ ಯುನೆಸ್ಕೊ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಯಲ್ಲಿ ಸ್ಥಾನವನ್ನು ಕೊಟ್ಟಿತು. ಇಸ್ಲಾಂ, ಯೆಹೂದ್ಯ, ಜರತುಷ್ಟ್ರ ಎಂಬ ಮೂರು ಮತಗಳವರು ಅಲ್ಲಿ ಕೂಡಿ ಬಾಳಿದ್ದನ್ನೂ ಸಂಸ್ಥೆಯು ಮೆಚ್ಚಿ ಹೇಳಿತು. ಅದೇ 2017ರಲ್ಲಿ ಯಜ್ದಿನ ನಗರಸಭೆಗೆ ಎರಡನೆಯ ಸಲ ಚುನಾಯಿತರಾದ ಸೆಪಾಂತಾ ನೀಕ್ನಾಮ್ ಎಂಬ ಜರತುಷ್ಟ್ರೀಯರನ್ನು, ಅವರು ಮುಸಲ್ಮಾನರಲ್ಲವೆಂಬ ಕಾರಣದಿಂದ, ಸ್ಥಾನದಿಂದ ದೂರವಿಟ್ಟರು. ಮುಸಲ್ಮಾನರೇ ಅನೇಕರು ಅವರ ಪರವಾಗಿ ಮಾತನಾಡಿದರು. 2018ರಲ್ಲಿ ಅವರಿಗೆ ಸ್ಥಾನವು ಮರಳಿ ದೊರೆಯಿತು. ಪರಂಪರೆಯೆಂಬುದು ಪಟ್ಟಿಗೆ ಸೇರಿದ ದಿನವೇ ಪೂರ್ತಿಯಾಗುವುದಿಲ್ಲವೆಂಬುದಕ್ಕೆ ಇದು ದೃಷ್ಟಾಂತ.

ನೀರಿನ ಕಥೆಯೂ ಪೂರ್ತಿಯಾಗಿಲ್ಲ. ಯಂತ್ರದ ಆಳಬಾವಿಗಳು ಬಂದ ಮೇಲೆ ಭೂಮಿಯೊಳಗಿನ ನೀರು ಕೆಳಗಿಳಿದು ಎಷ್ಟೋ ಕನಾತುಗಳು ಬತ್ತಿವೆ. ಯಜ್ದಿಗೆ ಈಗ ಇಸ್ಫಹಾನಿನ ಕಡೆಯ ನದಿಯ ನೀರು ಕೊಳಾಯಿಯ ಮೂಲಕ ಬರುತ್ತದೆ. ಇದರಿಂದ ಆ ಕಡೆಯ ರೈತರಿಗೆ ಅಸಮಾಧಾನವುಂಟು. ಕನಾತು ಭೂಮಿಯು ಕೊಟ್ಟಷ್ಟನ್ನೇ ತೆಗೆದುಕೊಳ್ಳುತ್ತಿತ್ತು. ಯಂತ್ರವು ಕೇಳಿದಷ್ಟನ್ನು ಎಳೆಯುತ್ತದೆ. ಕೊಳವೆಬಾವಿಗಳನ್ನು ಒಂದರ ಪಕ್ಕದಲ್ಲೊಂದು ತೋಡುತ್ತಿರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆ ಹುಡುಗಿಗೆ ಉತ್ತರ ಹೇಳುತ್ತೇನೆ. ಮಗೂ, ನೀರಿಲ್ಲದ ಕಡೆ ಅವರು ಊರನ್ನು ಕಟ್ಟಲಿಲ್ಲ. ನೀರು ಇದ್ದಿತು, ಕಣ್ಣಿಗೆ ಕಾಣುತ್ತಿರಲಿಲ್ಲ. ಅದು ಬೆಟ್ಟದ ಬುಡದಲ್ಲಿದೆಯೆಂದು ತಿಳಿದುಕೊಂಡವರು, ಕತ್ತಲಲ್ಲಿ ಬಗ್ಗಿ ಅಗೆದವರು, ಬಂದ ನೀರನ್ನು ಬಟ್ಟಲಿನಿಂದ ಅಳೆದು ಹಂಚಿದವರು ಸೇರಿ ಆ ಊರನ್ನು ಕಟ್ಟಿದರು. ಹಂಚುವುದರಲ್ಲಿ ಅವರು ತಪ್ಪಿದ ಕಡೆ ಊರಿಗೆ ಕುಂದು ಬಂದಿತು. ತಿದ್ದಿಕೊಂಡ ಕಡೆ ಗೌರವ ಬಂದಿತು. ನೀನು ಮುಂದಿನ ಪಾಠಕ್ಕೆ ಬರುವಾಗ ಬೀದರಿನ ಕಾರೇಜ್ ಎಲ್ಲಿದೆಯೆಂದು ಪಟದಲ್ಲಿ ಗುರುತಿಸಿಕೊಂಡು ಬಾ.

ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರಾದರೂ ಬೀದರಿನಲ್ಲಿಯೋ, ಸುರಂಗಗಳಿಂದ ನೀರು ತರುವ ದಕ್ಷಿಣ ಕನ್ನಡದ ಹಳ್ಳಿಗಳಲ್ಲಿಯೋ ನೆಲೆಸಿದ್ದರೆ, ನಿಮ್ಮ ಮನೆಯ ನೀರಿನ ವಿವರವನ್ನು ಶಾಲೆಯ ವಿಳಾಸಕ್ಕೆ ಬರೆದು ಕಳುಹಿಸಿರಿ. ಭೂಗೋಳದ ಪಾಠದಲ್ಲಿ ಮಕ್ಕಳಿಗೆ ಓದಿ ಹೇಳುತ್ತೇನೆ. ನಿಮ್ಮೆಲ್ಲರ ಮನೆಗಳಲ್ಲಿ ನೀರೂ ನೆರಳೂ ಸಮೃದ್ಧವಾಗಿರಲೆಂದೂ, ಬಾಯಾರಿ ಬಂದವರಿಗೆ ಅವು ದೊರೆಯಲೆಂದೂ ಹಾರೈಸಿ ಇಲ್ಲಿಗೆ ನಿಲ್ಲಿಸುತ್ತೇನೆ.